ಗಣಿಯಂತ್ರದ ರೋಗನಿದಾನ

ಜ್ವರ ಬಂದ ರೋಗಿಯ ಬಾಯಿಂದ ಉಷ್ಣಮಾಪಕವನ್ನು ತೆಗೆದು, ಅದು ೧೦೩ ಡಿಗ್ರಿ ತೋರಿಸುತ್ತಿದೆಯೆಂಬ ಕಾರಣಕ್ಕೆ ಅದನ್ನೇ ಎಸೆದು ಹೊಸದೊಂದನ್ನು ತರಿಸುವ ವೈದ್ಯನನ್ನು ನಮ್ಮಲ್ಲಿ ಯಾರೂ ಕಂಡಿರಲಾರರು. ಆದರೆ ಮನೆಯಲ್ಲಿ ಕ್ರಿಪ್ಟೋಕರೆನ್ಸಿಯ ಗಣಿಯಂತ್ರವನ್ನು ಕಟ್ಟಿಕೊಂಡ ತರುಣರು ಇಂಥದೇ ಚಿಕಿತ್ಸೆಯಲ್ಲಿ ತೊಡಗಿರುವುದನ್ನು ನಾನು ಪದೇ ಪದೇ ನೋಡಿದ್ದೇನೆ. ಡ್ರೈವರ್ ವಿಫಲವಾಗಿದೆಯೆಂಬ ಮಾತು ಪರದೆಯ ಮೇಲೆ ಮೂಡಿದೊಡನೆ ಅವರು ಡ್ರೈವರನ್ನು ಕಿತ್ತು ಮತ್ತೆ ಹಾಕುವರು. ಅದರಿಂದ ಗುಣ ಕಾಣದಿದ್ದರೆ ಇಡೀ ಕಾರ್ಯಾಚರಣ ವ್ಯವಸ್ಥೆಯನ್ನೇ ಅಳಿಸಿ ಹೊಸದಾಗಿ ಸ್ಥಾಪಿಸುವರು. ಅದಕ್ಕೂ ಬಗ್ಗದಿದ್ದರೆ ಅಂಗಡಿಗೆ ಹೋಗಿ ಹೊಸ ಕಾರ್ಡೊಂದನ್ನು ಕೊಂಡು ತರುವರು. ಯಂತ್ರವು ಹೇಳಿದ್ದು ರೋಗದ ಲಕ್ಷಣವನ್ನೇ ಹೊರತು ರೋಗವನ್ನಲ್ಲ ಎಂಬ ವಿವೇಚನೆ ಅವರಿಗೆ ಹೊಳೆಯುವುದು ಕೈಯಲ್ಲಿದ್ದ ಹಣ ಕರಗಿದ ಮೇಲೆ.

ಈ ಯಂತ್ರಗಳನ್ನು ಕುರಿತು ಎರಡು ಬಗೆಯ ಮಾತು ಕೇಳಿಬರುವುದುಂಟು. ಇದು ಜೂಜಿನ ಇನ್ನೊಂದು ರೂಪ, ವಿದ್ಯಾರ್ಥಿಗಳು ಇದರ ಹತ್ತಿರ ಸುಳಿಯಕೂಡದು ಎಂಬುದು ಹಿರಿಯರ ಮಾತು. ಇದು ನಾವು ಮಲಗಿರುವಾಗಲೂ ಕರೆಯುವ ಕಾಮಧೇನು ಎಂಬುದು ಮಾರುವವರ ಮಾತು. ನನಗೆ ಎರಡೂ ಸಮ್ಮತವಲ್ಲ. ಭೌತವಿಜ್ಞಾನದ ಅಧ್ಯಾಪಕನ ಕಣ್ಣಿಗೆ ಅದು ಮೊದಲು ಒಂದು ವಿದ್ಯುದುಪಕರಣ. ಹಗಲಿರುಳೂ ಸಾವಿರ ವ್ಯಾಟಿನಷ್ಟು ಶಕ್ತಿಯನ್ನು ಹೀರಿ, ಅದೆಲ್ಲವನ್ನೂ ಶಾಖವಾಗಿ ಹೊರಗೆ ಬಿಡುವ ಉಪಕರಣ. ಆದುದರಿಂದ ಅದರ ದೋಷವನ್ನು ಪರದೆಯ ಮೇಲಿನ ಅಕ್ಷರಗಳಲ್ಲಿ ಹುಡುಕುವ ಮೊದಲು ವಿದ್ಯುತ್ತು ಹರಿಯುವ ದಾರಿಯುದ್ದಕ್ಕೂ ಹುಡುಕಬೇಕು; ಅಳೆದು ಹುಡುಕಬೇಕು; ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಿ ಹುಡುಕಬೇಕು. ಇಷ್ಟು ತಾಳ್ಮೆಯಿಲ್ಲದವನು ಜನರು ಮಲಗುವ ಮನೆಯಲ್ಲಿ ಇಂಥ ಯಂತ್ರವನ್ನು ಇಡತಕ್ಕದ್ದಲ್ಲ ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಯಂತ್ರವನ್ನು ನೋಡದವರಿಗಾಗಿ ಅದರ ಸ್ವರೂಪವನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಬಿಟ್‌ಕಾಯಿನ್ ಮೊದಲಾದ ನಾಣ್ಯಗಳ ಲೆಕ್ಕದ ಪುಸ್ತಕಕ್ಕೆ ಹೊಸ ಪುಟವೊಂದನ್ನು ಸೇರಿಸುವ ಅಧಿಕಾರವು, ಒಂದು ಕಠಿಣ ಸಂಖ್ಯಾಸಮಸ್ಯೆಗೆ ಉತ್ತರವನ್ನು ಮೊದಲು ಕಂಡುಹಿಡಿದವನಿಗೆ ಸಲ್ಲುವುದು. ಈ ಸಮಸ್ಯೆಯನ್ನು ಬುದ್ಧಿಯಿಂದ ಬಿಡಿಸಲು ಬರುವುದಿಲ್ಲ. ಸಂಖ್ಯೆಗಳನ್ನು ಒಂದೊಂದಾಗಿ ಹ್ಯಾಷ್ ಎಂಬ ಗಣಿತಕ್ರಿಯೆಗೆ ಒಳಪಡಿಸಿ, ಫಲವು ಗೊತ್ತಾದ ಮಿತಿಗಿಂತ ಕಡಿಮೆ ಬರುವವರೆಗೂ ಪ್ರಯತ್ನಿಸುತ್ತಲೇ ಇರಬೇಕು. ೨೦೦೯ರ ಜನವರಿಯಲ್ಲಿ ಬಿಟ್‌ಕಾಯಿನ್ ಆರಂಭವಾದಾಗ ಈ ಕೆಲಸಕ್ಕೆ ಸಾಮಾನ್ಯ ಗಣಕಯಂತ್ರವೇ ಸಾಕಾಗಿತ್ತು. ಅನಂತರ ಗ್ರಾಫಿಕ್ಸ್ ಕಾರ್ಡುಗಳು ಬಂದುವು. ೨೦೧೩ರಿಂದೀಚೆಗೆ ಅದೊಂದೇ ಕೆಲಸಕ್ಕೆಂದು ನಿರ್ಮಿಸಿದ ಚಿಪ್ಪುಗಳು ಬಂದು ಬಿಟ್‌ಕಾಯಿನ್ ಗಣಿಯಿಂದ ಗ್ರಾಫಿಕ್ಸ್ ಕಾರ್ಡನ್ನು ಓಡಿಸಿಬಿಟ್ಟುವು. ೨೦೧೫ರಲ್ಲಿ ಹುಟ್ಟಿದ ಇಥೀರಿಯಂ ಎಂಬ ನಾಣ್ಯವು ಆ ಕಾರ್ಡುಗಳಿಗೆ ಮತ್ತೆ ಆಶ್ರಯವನ್ನು ಕೊಟ್ಟಿತು. ಮರದ ಅಥವಾ ಅಲ್ಯುಮಿನಿಯಮಿನ ಚೌಕಟ್ಟಿನಲ್ಲಿ ಒಂದು ಮದರ್‌ಬೋರ್ಡು, ಅದರ ಮೇಲೆ ಸಾಲಾಗಿ ತೂಗುಹಾಕಿದ ಆರೋ ಎಂಟೋ ಕಾರ್ಡುಗಳು, ಪ್ರತಿಯೊಂದಕ್ಕೂ ರೈಸರ್ ಎಂಬ ಚಿಕ್ಕ ಹಲಗೆ, ಒಂದೆರಡು ವಿದ್ಯುತ್ ಪೂರೈಕೆ ಪೆಟ್ಟಿಗೆಗಳು, ಭರ್ರೆನ್ನುವ ಬೀಸಣಿಗೆಗಳು: ಮನೆಯ ಗಣಿಯಂತ್ರವೆಂದರೆ ಇಷ್ಟೆ.

೨೦೨೧ರ ಬೇಸಗೆಯಲ್ಲಿ, ಕಾಲೇಜುಗಳು ಮುಚ್ಚಿ ಪಾಠಗಳು ಮೊಬೈಲಿನ ಪರದೆಯ ಮೇಲೆ ನಡೆಯುತ್ತಿದ್ದ ಕಾಲದಲ್ಲಿ, ನನ್ನ ವಿದ್ಯಾರ್ಥಿಯೊಬ್ಬನು ಇಂಥ ಯಂತ್ರವೊಂದನ್ನು ಕಟ್ಟಿದ್ದನು. ಆರು ಕಾರ್ಡುಗಳು, ಹಣವು ತಂದೆ ಕೊಟ್ಟ ಸಾಲ. ಐದು ಕಾರ್ಡುಗಳು ಚೆನ್ನಾಗಿ ನಡೆಯುತ್ತಿದ್ದುವು. ಮೂರನೆಯದು ಮಾತ್ರ ಒಂದೆರಡು ಗಂಟೆ ದುಡಿದು ಮಾಯವಾಗುತ್ತಿತ್ತು. ಲಿನಕ್ಸಿನ ದಾಖಲೆಯಲ್ಲಿ ‘ಎಕ್ಸ್‌ಐಡಿ ೭೯’ ಎಂಬ ಸಂಕೇತವೂ, ಕಾರ್ಡು ಬಸ್ಸಿನಿಂದ ಬಿದ್ದುಹೋಗಿದೆಯೆಂಬ ಅರ್ಥದ ವಾಕ್ಯವೂ ಕಾಣಿಸುತ್ತಿದ್ದುವು. (ಇಲ್ಲಿ ಬಸ್ಸೆಂದರೆ ಮದರ್‌ಬೋರ್ಡಿಗೂ ಕಾರ್ಡಿಗೂ ನಡುವಣ ಸಂಕೇತಮಾರ್ಗ. ಆ ವಾಕ್ಯವನ್ನು ಓದಿದ ಅವನ ಅಜ್ಜಿ ಯಾರಿಗೆ ಪೆಟ್ಟಾಯಿತೆಂದು ಕೇಳಿದರಂತೆ.) ಹುಡುಗನು ಡ್ರೈವರನ್ನು ಮತ್ತೆ ಸ್ಥಾಪಿಸಿದನು. ಯಂತ್ರ ಸರಿಹೋಯಿತು. ಒಂದೂವರೆ ಗಂಟೆಯ ಮೇಲೆ ಮತ್ತೆ ಕೆಟ್ಟಿತು. ಮತ್ತೆ ಸ್ಥಾಪಿಸಿದನು, ಮತ್ತೆ ಸರಿಹೋಯಿತು. ಹೀಗೆ ಹನ್ನೊಂದು ಸಲ. ಕೊನೆಗೆ, ಕಾರ್ಡುಗಳ ಬೆಲೆ ಗಗನಕ್ಕೇರಿದ್ದ ಆ ದಿನಗಳಲ್ಲಿ, ಇನ್ನೊಂದು ಕಾರ್ಡನ್ನೇ ಕೊಂಡು ಮೂರನೆಯದರ ಜಾಗದಲ್ಲಿಟ್ಟನು. ಅದೂ ಬಿದ್ದಿತು. ಆಗ ನನಗೆ ಕರೆಮಾಡಿ, ಡ್ರೈವರಿನ ಯಾವ ಆವೃತ್ತಿ ಒಳ್ಳೆಯದೆಂದು ಕೇಳಿದನು.

ವಾಚಕರು ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಹುಡುಗನು ದಡ್ಡನಲ್ಲ. ಡ್ರೈವರನ್ನು ಹೊಸದಾಗಿ ಹಾಕಿದಾಗಲೆಲ್ಲ ಯಂತ್ರ ಸರಿಹೋದುದು ಅವನು ಕಣ್ಣಾರೆ ಕಂಡ ಸಂಗತಿ. ಹನ್ನೊಂದು ಸಲ ಮಾಡಿದ ಪ್ರಯೋಗ ಹನ್ನೊಂದು ಸಲವೂ ಫಲಿಸಿತೆಂದರೆ ಯಾರು ತಾನೆ ನಂಬದಿದ್ದಾರು? ಅವನು ಮಾಡದೆ ಬಿಟ್ಟದ್ದು ಒಂದೇ: ಹೋಲಿಕೆಯ ಪ್ರಯೋಗ. ಸ್ಥಾಪನೆಯ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುವುದೆಂದು ಕೇಳಿದೆ. ನಲವತ್ತು ನಿಮಿಷವೆಂದನು. ಹಾಗಾದರೆ ಮುಂದಿನ ಸಲ ಡ್ರೈವರಿನ ಗೊಡವೆಗೇ ಹೋಗದೆ ಯಂತ್ರವನ್ನು ನಲವತ್ತು ನಿಮಿಷ ಸುಮ್ಮನೆ ಆರಿಸಿಟ್ಟು ಮತ್ತೆ ನಡೆಸಿ ನೋಡೆಂದು ಹೇಳಿದೆ. ಯಂತ್ರ ಹಿಂದಿನಂತೆಯೇ ಒಂದೂವರೆ ಗಂಟೆ ನಡೆಯಿತು. ಅಂದಮೇಲೆ ಗುಣ ಕೊಟ್ಟದ್ದು ಹೊಸ ಡ್ರೈವರಲ್ಲ, ಆ ನಲವತ್ತು ನಿಮಿಷದ ವಿಶ್ರಾಂತಿ. ವಿಶ್ರಾಂತಿಯಲ್ಲಿ ಏನೋ ಒಂದು ತಣ್ಣಗಾಗುತ್ತಿತ್ತು. ಆ ಏನೋ ಯಾವುದು?

ಅದನ್ನು ಕಂಡುಹಿಡಿಯಲು ಅದಲುಬದಲಿನ ವಿಧಾನಕ್ಕಿಂತ ಸರಳವಾದುದು ಇಲ್ಲ. ಮೂರನೆಯ ಮತ್ತು ನಾಲ್ಕನೆಯ ಕಾರ್ಡುಗಳನ್ನು ಪರಸ್ಪರ ಬದಲಾಯಿಸಿದೆವು. ದೋಷವು ಕಾರ್ಡಿನೊಡನೆ ಹೋಗಲಿಲ್ಲ. ಮೂರನೆಯ ಜಾಗದಲ್ಲಿಯೇ ಉಳಿಯಿತು. ಕಾರ್ಡು ನಿರಪರಾಧಿಯೆಂದು ಸಿದ್ಧವಾಯಿತು. (ಹೊಸ ಕಾರ್ಡಿಗೆ ತೆತ್ತ ಹಣ ದಂಡ.) ಅನಂತರ ರೈಸರುಗಳ ಸಂಕೇತದ ತಂತಿಗಳನ್ನು ಬದಲಾಯಿಸಿದೆವು. ದೋಷ ಕದಲಲಿಲ್ಲ. ಮೂರನೆಯ ಸಲ ರೈಸರುಗಳಿಗೆ ವಿದ್ಯುತ್ತನ್ನು ತರುವ ತಂತಿಗಳನ್ನು ಬದಲಾಯಿಸಲು ಹೇಳಿದೆ. ಯಂತ್ರವನ್ನು ಆರಿಸಿ ಆ ಕೊಂಡಿಗೆ ಕೈಯಿಟ್ಟವನು ಕೂಡಲೇ ಹಿಂತೆಗೆದನು. ಕೊಂಡಿಯು ಸುಡುತ್ತಿತ್ತು. ಬಿಳಿಯ ಪ್ಲಾಸ್ಟಿಕ್ ಕಂದಾಗಿ, ಒಂದು ಮೂಲೆಯಲ್ಲಿ ಕರಗಿ ರೈಸರಿಗೆ ಅಂಟಿಕೊಂಡಿತ್ತು. ಅದೇ ಕೋಣೆಯ ಇನ್ನೊಂದು ಮಗ್ಗುಲಲ್ಲಿ ರಾತ್ರಿ ಅವನ ತಂಗಿ ಮಲಗುತ್ತಿದ್ದಳೆಂದು ಅವನು ಹೇಳಿದಾಗ ನನಗೆ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ.

ಇಲ್ಲಿ ನಡೆದುದೇನೆಂಬುದನ್ನು ಪ್ರೌಢಶಾಲೆಯ ಭೌತವಿಜ್ಞಾನದಿಂದಲೇ ತಿಳಿಯಬಹುದು. ಕಾರ್ಡು ತಾನು ಕುಳಿತ ಸ್ಲಾಟಿನಿಂದ ೭೫ ವ್ಯಾಟಿನವರೆಗೆ ಶಕ್ತಿಯನ್ನು ಎಳೆದುಕೊಳ್ಳಬಹುದೆಂಬುದು ನಿಯಮ. ಅದರಲ್ಲಿ ೧೨ ವೋಲ್ಟಿನ ತಂತಿಯ ಪಾಲು ೫.೫ ಆಂಪಿಯರ್, ಅಂದರೆ ೬೬ ವ್ಯಾಟ್. ರೈಸರನ್ನು ಬಳಸಿದಾಗ ಈ ಶಕ್ತಿಯನ್ನು ಮದರ್‌ಬೋರ್ಡು ಕೊಡುವುದಿಲ್ಲ; ಪೂರೈಕೆ ಪೆಟ್ಟಿಗೆಯಿಂದ ಬಂದ ಬೇರೊಂದು ತಂತಿ ಕೊಡುವುದು. ಅಗ್ಗದ ರೈಸರುಗಳೊಡನೆ ಬರುವ ತಂತಿಯ ತುದಿಯಲ್ಲಿ ಸಾಟಾ ಕೊಂಡಿ ಇರುವುದು. ಈ ಕೊಂಡಿಯು ಹಾರ್ಡ್ ಡಿಸ್ಕಿಗಾಗಿ ರೂಪಿಸಿದ್ದು. ಅದರಲ್ಲಿ ೧೨ ವೋಲ್ಟಿಗೆಂದು ಮೂರು ಸಣ್ಣ ಮುಳ್ಳುಗಳಿದ್ದು, ಒಂದೊಂದರ ಸಾಮರ್ಥ್ಯ ಒಂದೂವರೆ ಆಂಪಿಯರ್, ಒಟ್ಟು ೪.೫ ಆಂಪಿಯರ್, ಅಂದರೆ ೫೪ ವ್ಯಾಟ್. ಐವತ್ತನಾಲ್ಕರ ಸೇತುವೆಯ ಮೇಲೆ ಅರವತ್ತಾರರ ಗಾಡಿಯನ್ನು ಹಗಲಿರುಳು ಹೊಡೆದರೆ ಆಗತಕ್ಕದ್ದೇ ಆಯಿತು.

ಕೊಂಡಿಯ ಸ್ಪರ್ಶದಲ್ಲಿ ಹತ್ತನೆಯ ಒಂದು ಓಮಿನಷ್ಟು ರೋಧವಿದೆಯೆಂದು ಇಟ್ಟುಕೊಳ್ಳೋಣ. ೫.೫ ಆಂಪಿಯರ್ ಹರಿದಾಗ ಅಲ್ಲಿ ಉತ್ಪನ್ನವಾಗುವ ಶಾಖವು ವಿದ್ಯುತ್ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಷ್ಟು, ಎಂದರೆ ಸುಮಾರು ಮೂರು ವ್ಯಾಟ್. ಮೂರು ವ್ಯಾಟು ಅಲ್ಪವೆಂದು ತೋರಬಹುದು. ಆದರೆ ಅದು ಉಗುರಿನಷ್ಟು ಜಾಗದಲ್ಲಿ, ಗಾಳಿಯಾಡದ ಪ್ಲಾಸ್ಟಿಕ್ಕಿನೊಳಗೆ ಬಿಡುಗಡೆಯಾಗುವುದು. ಶಾಖದಿಂದ ಲೋಹದ ಮೇಲ್ಮೈ ತುಕ್ಕುಹಿಡಿಯುವುದು, ಮುಳ್ಳಿನ ಬಿಗಿ ಸಡಿಲುವುದು. ಅದರಿಂದ ರೋಧ ಹೆಚ್ಚುವುದು. ರೋಧ ಹೆಚ್ಚಿದಂತೆ ಶಾಖವೂ ಹೆಚ್ಚುವುದು. ಹೀಗೆ ಕೇಡು ತನ್ನನ್ನು ತಾನೇ ಬೆಳೆಸಿಕೊಳ್ಳುವುದು. ಅದೇ ವೇಳೆಯಲ್ಲಿ ವೋಲ್ಟೇಜೂ ಕುಸಿಯುವುದು. ಹೋಗುವ ದಾರಿಯ ಕೊಂಡಿಯಲ್ಲಿ ೦.೫೫ ವೋಲ್ಟ್, ಮರಳುವ ದಾರಿಯ ಕೊಂಡಿಯಲ್ಲಿ ಅಷ್ಟೇ ನಷ್ಟವಾದರೆ ಕಾರ್ಡಿಗೆ ಸಿಕ್ಕುವುದು ೧೦.೯ ವೋಲ್ಟ್ ಮಾತ್ರ. ಗಣಕಯಂತ್ರದ ೧೨ ವೋಲ್ಟ್ ಶೇಕಡ ೫ಕ್ಕಿಂತ ಹೆಚ್ಚು ಇಳಿಯಕೂಡದೆಂಬುದು, ಎಂದರೆ ೧೧.೪ಕ್ಕಿಂತ ಕೆಳಗೆ ಹೋಗಕೂಡದೆಂಬುದು ಕಟ್ಟಳೆ. ಕಾರ್ಡು ನಿಲ್ಲುವುದು, ಮದರ್‌ಬೋರ್ಡು ಅದನ್ನು ಕಾಣದಾಗುವುದು, ಡ್ರೈವರು ತನಗೆ ತಿಳಿದ ಒಂದೇ ಮಾತನ್ನು ಪರದೆಯ ಮೇಲೆ ಬರೆಯುವುದು. ತಂತ್ರಾಂಶವು ಸುದ್ದಿಯನ್ನು ತಂದ ದೂತ. ನಾವು ದೂತನನ್ನು ದಂಡಿಸುತ್ತಿದ್ದೆವು.

ಪರಿಹಾರ ಸುಲಭವಾಗಿತ್ತು. ರೈಸರುಗಳಿಗೆ ಆರು ಮುಳ್ಳಿನ ದಪ್ಪ ಕೊಂಡಿಯ ಮೂಲಕ, ಪೆಟ್ಟಿಗೆಯಿಂದ ನೇರವಾಗಿ, ನಡುವೆ ಯಾವ ಅಡಾಪ್ಟರೂ ಇಲ್ಲದಂತೆ ವಿದ್ಯುತ್ತನ್ನು ಕೊಡಬೇಕು. ಎರಡು ಪೆಟ್ಟಿಗೆಗಳಿದ್ದಲ್ಲಿ ಒಂದು ಕಾರ್ಡಿಗೂ ಅದರ ರೈಸರಿಗೂ ಒಂದೇ ಪೆಟ್ಟಿಗೆಯಿಂದ ಕೊಡತಕ್ಕದ್ದು. ರೈಸರಿನ ಸಂಕೇತದ ತಂತಿಯು ನೋಡಲು ಯುಎಸ್‌ಬಿ ತಂತಿಯೇ ಆದರೂ ಅದರಲ್ಲಿ ಹರಿಯುವುದು ಯುಎಸ್‌ಬಿ ಸಂಕೇತವಲ್ಲ; ಗಣಕಯಂತ್ರದ ಯುಎಸ್‌ಬಿ ಕಿಂಡಿಗೆ ಅದನ್ನು ಮರೆತೂ ಚುಚ್ಚಕೂಡದು. ಪೂರೈಕೆ ಪೆಟ್ಟಿಗೆಯನ್ನು ಬಿಚ್ಚುವ ಸಾಹಸವಂತೂ ಬೇಡವೇ ಬೇಡ. ೨೩೦ ವೋಲ್ಟಿನ ಪರ್ಯಾಯ ವಿದ್ಯುತ್ತಿನ ಶಿಖರಮೌಲ್ಯ ೩೨೫ ವೋಲ್ಟ್. ಒಳಗಿನ ಧಾರಕವು ಅಷ್ಟರವರೆಗೆ ತುಂಬಿಕೊಂಡಿದ್ದು, ಪ್ಲಗ್ಗನ್ನು ಕಿತ್ತ ಮೇಲೂ ಅದನ್ನು ಹಿಡಿದಿಟ್ಟುಕೊಂಡಿರಬಹುದು.

ದಾರಿಯನ್ನು ಗೋಡೆಯವರೆಗೂ ಹಿಂಬಾಲಿಸಬೇಕೆಂದು ನಾನು ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ಕಾರ್ಡುಗಳು ಸಾವಿರ ವ್ಯಾಟು ಬಳಸುತ್ತಿದ್ದು ಪೆಟ್ಟಿಗೆಯ ದಕ್ಷತೆ ಶೇಕಡ ೯೦ ಆಗಿದ್ದರೆ ಗೋಡೆಯಿಂದ ೧೧೦೦ ವ್ಯಾಟಿಗೂ ಸ್ವಲ್ಪ ಹೆಚ್ಚು ಹೊರಡಬೇಕು. ೨೩೦ ವೋಲ್ಟಿನಲ್ಲಿ ಅದು ಸುಮಾರು ೪.೮ ಆಂಪಿಯರ್. ನಮ್ಮ ಮನೆಗಳ ಸಣ್ಣ ಸಾಕೆಟ್ಟಿನ ಸಾಮರ್ಥ್ಯ ೬ ಆಂಪಿಯರ್. ಇಸ್ತ್ರಿಪೆಟ್ಟಿಗೆಯು ಹತ್ತು ನಿಮಿಷ ಬಳಸುವ ಪ್ರವಾಹವನ್ನು ಈ ಯಂತ್ರವು ತಿಂಗಳುಗಟ್ಟಲೆ ಬಿಡದೆ ಬಳಸುವುದು. ಸಂತೆಯಲ್ಲಿ ಕೊಂಡ ವಿಸ್ತರಣಾ ಪಟ್ಟಿಯ ಸಡಿಲ ತಗಡಿನಲ್ಲಿಯೂ ಮೇಲಿನ ಕಥೆಯೇ ಪುನರಾವರ್ತನೆಯಾದೀತು. ಗಣಿಯಂತ್ರಕ್ಕೆ ೧೬ ಆಂಪಿಯರಿನ ಸಾಕೆಟ್ಟೂ ಪ್ರತ್ಯೇಕ ತಂತಿಯೂ ಇರಬೇಕು. ಇನ್ನು ಚೌಕಟ್ಟನ್ನು ಮುಟ್ಟಿದಾಗ ಬೆರಳು ಜುಮ್ಮೆನ್ನುವುದೆಂಬ ದೂರು. ಅದನ್ನು ಯಂತ್ರದ ಸ್ವಭಾವವೆಂದು ನಗುತ್ತ ಹೇಳುವವರುಂಟು. ಪೆಟ್ಟಿಗೆಯ ಒಳಗೆ ಗದ್ದಲವನ್ನು ಸೋಸುವ ಪುಟ್ಟ ಧಾರಕಗಳು ಎರಡು ತಂತಿಗಳಿಗೂ ಲೋಹದ ಹೊದಿಕೆಗೂ ನಡುವೆ ಇರುವುವು. ಭೂಸಂಪರ್ಕವಿಲ್ಲದ ಮನೆಯಲ್ಲಿ ಹೊದಿಕೆಯು ಪೂರೈಕೆಯ ಅರ್ಧದಷ್ಟು ವೋಲ್ಟೇಜಿನಲ್ಲಿ ತೇಲುವುದು. ಅಂದರೆ ಆ ಜುಮ್ಮು, ಮೂರನೆಯ ತಂತಿ ನೆಲವನ್ನು ಮುಟ್ಟಿಲ್ಲವೆಂಬ ಸಾಕ್ಷ್ಯ. ಅದನ್ನು ಸರಿಪಡಿಸತಕ್ಕವನು ವಿದ್ಯುತ್ ಕೆಲಸಗಾರನೇ ಹೊರತು ಗಣಕಯಂತ್ರದ ಅಂಗಡಿಯವನಲ್ಲ.

ಇಷ್ಟು ಹೇಳಿದ್ದರಿಂದ ತಂತ್ರಾಂಶವು ಯಾವಾಗಲೂ ನಿರ್ದೋಷಿ ಎಂದು ತಿಳಿಯಬಾರದು. ಆರನೆಯ ಕಾರ್ಡನ್ನು ಸೇರಿಸಿದೊಡನೆ ಯಂತ್ರ ಹೊತ್ತಿಕೊಳ್ಳಲೇ ನಿರಾಕರಿಸಿದರೆ, ಅನೇಕ ಮದರ್‌ಬೋರ್ಡುಗಳಲ್ಲಿ ಅದು ಬಯಾಸಿನ ಒಂದು ಆಯ್ಕೆಯ ದೋಷ. ನಾಲ್ಕು ಗಿಗಾಬೈಟಿನಾಚೆಯ ವಿಳಾಸಗಳನ್ನು ಕಾರ್ಡುಗಳಿಗೆ ಹಂಚಲು ಅನುಮತಿ ಕೊಡುವ ಆಯ್ಕೆಯನ್ನು ತೆರೆದರೆ ಸರಿಹೋಗುವುದು. ಸ್ಲಾಟಿನ ವೇಗವನ್ನು ಸ್ವಯಂಚಾಲಿತವಾಗಿ ಬಿಡದೆ ಮೊದಲನೆಯ ಅಥವಾ ಎರಡನೆಯ ಪೀಳಿಗೆಗೆ ಇಳಿಸಿದರೆ ಉದ್ದ ತಂತಿಯ ರೈಸರುಗಳು ಶಾಂತವಾಗುವುವು. ವಿಂಡೋಸಿನಲ್ಲಿ ಕೃತಕ ಸ್ಮರಣೆಯ ಕಡತ ಚಿಕ್ಕದಾಗಿದ್ದರೆ ಕಾರ್ಡುಗಳು ಹೆಚ್ಚಿದಂತೆ ಗಣಿಯ ತಂತ್ರಾಂಶ ಆರಂಭದಲ್ಲೇ ಬಿದ್ದುಬಿಡುವುದು. ಇಂಥವುಗಳ ಗುರುತು ಏನೆಂದರೆ, ಇವು ತಣ್ಣಗಿರುವಾಗಲೂ ಬಿಸಿಯಾಗಿರುವಾಗಲೂ ಪ್ರತಿ ಸಲವೂ ಒಂದೇ ಹಂತದಲ್ಲಿ ಕಾಣಿಸಿಕೊಳ್ಳುವುವು. ಬಂದು ಹೋಗುವ ದೋಷ ಸಾಮಾನ್ಯವಾಗಿ ಲೋಹದ್ದು, ಶಾಖದ್ದು. ಈ ನಿಯಮಕ್ಕೆ ಅಪವಾದಗಳಿವೆ. ಆದರೂ ಹುಡುಕಾಟವನ್ನು ಎಲ್ಲಿ ಆರಂಭಿಸಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸೂಚನೆ ನನಗೆ ದೊರೆತಿಲ್ಲ.

ಕೆಲವೊಮ್ಮೆ ದೋಷವೆಂದು ಕಾಣುವುದು ದೋಷವೇ ಅಲ್ಲ. ಇಥೀರಿಯಂ ಗಣಿಗಾರಿಕೆಗೆ ಪ್ರತಿಯೊಂದು ಕಾರ್ಡೂ ತನ್ನ ಸ್ಮರಣೆಯಲ್ಲಿ ಒಂದು ದೊಡ್ಡ ಕೋಷ್ಟಕವನ್ನು ಇರಿಸಿಕೊಳ್ಳಬೇಕಾಗಿತ್ತು. ೨೦೧೫ರಲ್ಲಿ ಒಂದು ಗಿಗಾಬೈಟಿನಷ್ಟಿದ್ದ ಅದು ೩೦,೦೦೦ ಪುಟಗಳಿಗೊಮ್ಮೆ ಎಂಟು ಮೆಗಾಬೈಟಿನಂತೆ ಬೆಳೆಯುತ್ತ ೨೦೨೦ರ ಡಿಸೆಂಬರಿನಲ್ಲಿ ನಾಲ್ಕು ಗಿಗಾಬೈಟನ್ನು ಮೀರಿತು. ನಾಲ್ಕು ಗಿಗಾಬೈಟಿನ ಕಾರ್ಡುಗಳು ಲೋಕದಾದ್ಯಂತ ಒಂದೇ ಸಮಯದಲ್ಲಿ ನಿಂತುಹೋದುವು. ಅವುಗಳಲ್ಲಿ ಒಂದೂ ಕೆಟ್ಟಿರಲಿಲ್ಲ. ಇಥೀರಿಯಂ ಕ್ಲಾಸಿಕ್ ಎಂಬ ಇನ್ನೊಂದು ನಾಣ್ಯದವರು ಇದನ್ನು ಮುಂಗಂಡು ೨೦೨೦ರ ನವೆಂಬರಿನಲ್ಲಿಯೇ ತಮ್ಮ ಕೋಷ್ಟಕವನ್ನು ಕಿರಿದುಗೊಳಿಸಿದ್ದರು. ಅಲ್ಲಿಗೆ ತಿರುಗಿಸಿದ ಅದೇ ಕಾರ್ಡುಗಳು ಮತ್ತೆ ದುಡಿದುವು. ೨೦೨೧ರ ಫೆಬ್ರವರಿಯಲ್ಲಿ ಎನ್ವಿಡಿಯಾ ಹೊರತಂದ ಆರ್‌ಟಿಎಕ್ಸ್ ೩೦೬೦ ಕಾರ್ಡಿನದು ಇನ್ನೂ ವಿಚಿತ್ರ. ಇಥೀರಿಯಂ ಗಣಿಯ ಕೆಲಸವನ್ನು ಗುರುತಿಸಿ ತನ್ನ ವೇಗವನ್ನು ತಾನೇ ಅರ್ಧಕ್ಕಿಳಿಸಿಕೊಳ್ಳುವಂತೆ ಅದನ್ನು ಮಾಡಿದ್ದರು, ಆಟವಾಡುವವರಿಗೆ ಕಾರ್ಡುಗಳು ಸಿಗಲೆಂದು. ಮರುತಿಂಗಳೇ ಅದೇ ಸಂಸ್ಥೆಯ ಪರೀಕ್ಷಾರ್ಥ ಡ್ರೈವರೊಂದು ಕೈತಪ್ಪಿ ಆ ಬೀಗವನ್ನು ತೆರೆದುಬಿಟ್ಟಿತು. ಇಲ್ಲಿ ಮಾತ್ರ ಡ್ರೈವರಿನ ಆವೃತ್ತಿ ಯಾವುದೆಂಬ ಪ್ರಶ್ನೆಗೆ ನಿಜವಾಗಿಯೂ ಅರ್ಥವಿತ್ತು.

ಗಣಿಯಂತ್ರಕ್ಕೆ ಉಳಿದ ಯಂತ್ರಗಳಿಗಿಲ್ಲದ ಒಂದು ಅನುಕೂಲವಿದೆ: ಅದರ ಕೆಲಸವನ್ನು ಹೊರಗಿನವನೊಬ್ಬನು ಕ್ಷಣಕ್ಷಣವೂ ತಿದ್ದುತ್ತಿರುವನು. ಮನೆಯ ಗಣಿಗಾರರು ಒಂಟಿಯಾಗಿ ದುಡಿಯದೆ ಕೂಟಗಳಿಗೆ ಸೇರಿಕೊಳ್ಳುವರು. ತಾವು ದುಡಿಯುತ್ತಿರುವುದಕ್ಕೆ ಪ್ರಮಾಣವಾಗಿ ಸುಲಭವಾದ ಉತ್ತರಗಳನ್ನು ಕೂಟಕ್ಕೆ ಕಳಿಸುತ್ತಿರುವರು. ಇವನ್ನು ಷೇರುಗಳೆನ್ನುವರು. ಕೂಟವು ತಳ್ಳಿಹಾಕಿದ ಷೇರುಗಳಲ್ಲಿ ಎರಡು ಬಗೆ. ಗಂಟೆ ಬಾರಿಸಿದ ಮೇಲೆ ಕೊಟ್ಟ ಉತ್ತರಪತ್ರಿಕೆಯಂತೆ ತಡವಾಗಿ ತಲುಪಿದುವು ಒಂದು ಬಗೆ. ಇವು ಹೆಚ್ಚಾದರೆ ಅಂತರ್ಜಾಲದ ಸಂಪರ್ಕವನ್ನೋ ದೂರದ ಸರ್ವರನ್ನೋ ಅನುಮಾನಿಸಬೇಕು. ಉತ್ತರವೇ ತಪ್ಪಾಗಿರುವುದು ಇನ್ನೊಂದು ಬಗೆ. ತಪ್ಪು ಉತ್ತರವು ತಂತಿಯಲ್ಲಿ ಹುಟ್ಟುವುದಿಲ್ಲ. ಸಾಮಾನ್ಯವಾಗಿ ಕಾರ್ಡಿನ ಸ್ಮರಣೆಯನ್ನು ಅದರ ಶಕ್ತಿಗೆ ಮೀರಿ ಓಡಿಸಿದಾಗ ಹುಟ್ಟುವುದು. ಹ್ಯಾಷ್ ಎಂಬುದು ದಯೆಯಿಲ್ಲದ ಪರೀಕ್ಷಕ. ಒಂದೇ ಒಂದು ಬಿಟ್ಟು ತಪ್ಪಿದರೂ ಅರ್ಧ ಅಂಕ ಕೂಡ ಸಿಗದು. ಆದಕಾರಣ ಮೊದಲು ಮಾಡತಕ್ಕದ್ದು, ಹೆಚ್ಚಿಸಿದ ವೇಗಗಳನ್ನೆಲ್ಲ ಕೈಬಿಟ್ಟು ಕಾರ್ಖಾನೆಯ ಸ್ಥಿತಿಗೆ ಮರಳುವುದು.

ವೇಗವನ್ನು ತಿದ್ದುವವರಿಗೆ ಸಂಖ್ಯಾಶಾಸ್ತ್ರದ ಒಂದು ಎಚ್ಚರಿಕೆ. ಷೇರುಗಳು ದೊರೆಯುವುದು ಅದೃಷ್ಟದಂತೆ, ವಿಕಿರಣಶೀಲ ವಸ್ತುವಿನ ಪರಮಾಣುಗಳು ಒಡೆಯುವಂತೆ. ಒಂದು ಗಂಟೆಯಲ್ಲಿ ನೂರು ಷೇರುಗಳು ಬಂದರೆ ಅದರ ಸಹಜವಾದ ಏರಿಳಿತವು ನೂರರ ವರ್ಗಮೂಲದಷ್ಟು, ಎಂದರೆ ಹತ್ತು. ತೊಂಬತ್ತು ಬರಬಹುದು, ನೂರಹತ್ತು ಬರಬಹುದು. ಏನೂ ಬದಲಾಗದೆಯೂ ಬರಬಹುದು. ಹೀಗಿರುವಾಗ ಸಂಜೆ ಒಂದು ಗುಂಡಿಯನ್ನು ತಿರುಗಿಸಿ, ರಾತ್ರಿಯೂಟದ ಹೊತ್ತಿಗೆ ಶೇಕಡ ಐದು ಲಾಭವಾಯಿತೆಂದು ಹಿಗ್ಗುವುದರಲ್ಲಿ ಅರ್ಥವಿಲ್ಲ. ಶೇಕಡ ಒಂದರ ನಿಖರತೆ ಬೇಕಾದರೆ ಹತ್ತು ಸಾವಿರ ಷೇರುಗಳು ಬೇಕು; ಆ ಗತಿಯಲ್ಲಿ ನಾಲ್ಕು ದಿನಕ್ಕೂ ಹೆಚ್ಚು. ನಾಲ್ಕು ದಿನ ಯಾವ ಗುಂಡಿಯನ್ನೂ ಮುಟ್ಟದೆ ಕುಳಿತ ಗಣಿಗಾರನನ್ನು ನಾನು ಇನ್ನೂ ಕಂಡಿಲ್ಲ.

ಉಷ್ಣದ ವಿಷಯದಲ್ಲಿಯೂ ಊಹೆಗಿಂತ ಲೆಕ್ಕ ಮೇಲು. ಒಂದು ಘನಮೀಟರ್ ಗಾಳಿಯನ್ನು ಹತ್ತು ಡಿಗ್ರಿ ಸೆಲ್ಸಿಯಸ್ ಬಿಸಿಮಾಡಲು ಸುಮಾರು ೧೨,೦೦೦ ಜೂಲ್ ಬೇಕು. ಸಾವಿರ ವ್ಯಾಟಿನ ಯಂತ್ರದ ಶಾಖವನ್ನು, ಗಾಳಿಯು ಹತ್ತು ಡಿಗ್ರಿಗಿಂತ ಹೆಚ್ಚು ಬಿಸಿಯಾಗದಂತೆ, ಹೊತ್ತುಕೊಂಡು ಹೋಗಲು ಸೆಕೆಂಡಿಗೆ ೮೩ ಲೀಟರ್ ಗಾಳಿ ಕೋಣೆಯಿಂದ ಹೊರಗೆ ಹೋಗಲೇಬೇಕು. ಕೋಣೆಯೊಳಗೇ ಗಾಳಿಯನ್ನು ತಿರುಗಿಸುವ ಬೀಸಣಿಗೆಗಳು ಎಷ್ಟಿದ್ದರೇನು? ಕಿಟಕಿ ಮುಚ್ಚಿದ್ದರೆ ಅವೂ ತಮ್ಮ ಪಾಲಿನ ಶಾಖವನ್ನು ಸೇರಿಸುವುವು, ಅಷ್ಟೆ. ರಾಯಚೂರು, ಕಲಬುರಗಿಗಳ ಏಪ್ರಿಲ್ ತಿಂಗಳಲ್ಲಿ ಹೊರಗಿನ ಗಾಳಿಯೇ ನಲವತ್ತು ಡಿಗ್ರಿ ಮುಟ್ಟುವಾಗ ಈ ಲೆಕ್ಕ ಇನ್ನೂ ಬಿಗಿಯಾಗುವುದು. ಕಾರ್ಡಿನ ಮುಖ್ಯ ಚಿಪ್ಪು ೬೦ ಡಿಗ್ರಿಯಲ್ಲಿ ಹಾಯಾಗಿದೆಯೆಂದು ತೋರುತ್ತಿರುವಾಗಲೇ ಪಕ್ಕದ ಸ್ಮರಣೆಯ ಚಿಪ್ಪುಗಳು ಬೇಯುತ್ತಿರುವುದುಂಟು. ಆರ್‌ಟಿಎಕ್ಸ್ ೩೦೮೦, ೩೦೯೦ ಕಾರ್ಡುಗಳಲ್ಲಿ ಸ್ಮರಣೆಯು ೧೧೦ ಡಿಗ್ರಿ ಮುಟ್ಟಿದಾಗ ತಾನಾಗಿಯೇ ವೇಗವನ್ನು ಇಳಿಸಿಕೊಳ್ಳುವುದು. ಶಾಖವನ್ನು ದಾಟಿಸುವ ಮೆತ್ತೆಗಳನ್ನು ಬದಲಾಯಿಸಿ ಅನೇಕರು ಗುಣ ಕಂಡರು. ವೋಲ್ಟೇಜನ್ನು ಇಳಿಸುವುದು ಇದಕ್ಕಿಂತ ಒಳ್ಳೆಯ ಉಪಾಯ. ಚಿಪ್ಪಿನ ಶಕ್ತಿವ್ಯಯವು ಬಹುಮಟ್ಟಿಗೆ ವೋಲ್ಟೇಜಿನ ವರ್ಗವನ್ನು ಅನುಸರಿಸುವುದರಿಂದ, ಶೇಕಡ ಹತ್ತನ್ನು ಇಳಿಸಿದರೆ ಸುಮಾರು ಹತ್ತೊಂಬತ್ತರಷ್ಟು ಉಳಿತಾಯ.

ಬಿಟ್‌ಕಾಯಿನ್ನಿಗೆಂದೇ ಮಾಡಿದ ಪೆಟ್ಟಿಗೆಗಳ ರೋಗನಿದಾನ ಬೇರೆ ಲೇಖನದ ವಿಷಯ. ಆದರೂ ಒಂದನ್ನು ಹೇಳದೆ ಬಿಡಲಾರೆ. ೨೦೧೬ರ ಆಂಟ್‌ಮೈನರ್ ಎಸ್೯ ಯಂತ್ರದಲ್ಲಿ ಮೂರು ಹಲಗೆಗಳು, ಹಲಗೆಗೆ ೬೩ ಚಿಪ್ಪುಗಳು. ಸಂಕೇತವು ಒಂದು ಚಿಪ್ಪಿನಿಂದ ಇನ್ನೊಂದಕ್ಕೆ, ಅದರಿಂದ ಮುಂದಿನದಕ್ಕೆ, ಕೈಯಿಂದ ಕೈಗೆ ದಾಟುವ ಕೊಡದಂತೆ ಸಾಗುವುದು. ನಡುವೆ ಒಂದು ಚಿಪ್ಪು ಸತ್ತರೆ ಇಡೀ ಹಲಗೆಯೇ ಸತ್ತಂತೆ ತೋರುವುದು. ಚಿಪ್ಪುಗಳ ಸಂಖ್ಯೆ ಸೊನ್ನೆಯೆಂದು ದಾಖಲೆಯಲ್ಲಿ ಬರುವುದು. ದೀಪಾವಳಿಯ ಸರಣಿ ದೀಪಗಳಲ್ಲಿ ಆರಿದ ಬಲ್ಬನ್ನು ಹುಡುಕಿದವರಿಗೆ ಮುಂದಿನ ದಾರಿಯನ್ನು ಹೇಳಿಕೊಡಬೇಕಾಗಿಲ್ಲ. ನಡುವಿನ ಚಿಪ್ಪಿನಲ್ಲಿ ಅಳ್ಳೆದು ನೋಡಿ, ಸಂಕೇತ ಅಲ್ಲಿಯವರೆಗೆ ಬಂದಿದ್ದರೆ ದೋಷ ಮುಂದಿನ ಅರ್ಧದಲ್ಲಿ, ಬಂದಿಲ್ಲದಿದ್ದರೆ ಹಿಂದಿನ ಅರ್ಧದಲ್ಲಿ. ಹೀಗೆ ಅರ್ಧಿಸುತ್ತ ಹೋದರೆ ೬೩ ಚಿಪ್ಪುಗಳಲ್ಲಿ ಕೆಟ್ಟುದನ್ನು ಆರು ಅಳತೆಗಳಲ್ಲಿ ಹಿಡಿಯಬಹುದು.

ಕೊನೆಯದಾಗಿ, ಯಾವ ರಿಪೇರಿಗೂ ಬಗ್ಗದ ದೋಷವೊಂದುಂಟು. ಗೋಡೆಯಿಂದ ೧.೧ ಕಿಲೋವ್ಯಾಟ್ ಬಳಸುವ ಯಂತ್ರ ದಿನಕ್ಕೆ ೨೬.೪ ಯೂನಿಟ್, ಮೂವತ್ತು ದಿನಕ್ಕೆ ೭೯೨ ಯೂನಿಟ್ ನುಂಗುವುದು. ಯೂನಿಟ್ಟಿಗೆ ಏಳು ರೂಪಾಯಿಯೆಂದು ಇಟ್ಟುಕೊಂಡರೂ ಐದೂವರೆ ಸಾವಿರ ರೂಪಾಯಿಗೆ ಮೀರಿತು. ೨೦೨೩ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯ ಗರಿಷ್ಠ ಮಿತಿ ತಿಂಗಳಿಗೆ ೨೦೦ ಯೂನಿಟ್. ಈ ಯಂತ್ರವು ಅದನ್ನು ಎಂಟು ದಿನದೊಳಗೆ ದಾಟಿಬಿಡುವುದು. ಬಂದ ನಾಣ್ಯವನ್ನು ಮಾರಿದರೆ ೨೦೨೨ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಶೇಕಡ ೩೦ರ ತೆರಿಗೆಯೂ ಉಂಟು. ಕೊಂಡ ಬೆಲೆಯ ಹೊರತು ಬೇರೆ ಖರ್ಚನ್ನು ಕಳೆಯಲು ಅದರಲ್ಲಿ ಅವಕಾಶವಿಲ್ಲ, ಗಣಿಗಾರಿಕೆಯ ಸಲಕರಣೆಗಳ ವೆಚ್ಚವು ಕೊಂಡ ಬೆಲೆಯಾಗದೆಂದು ಸರಕಾರವು ಅದೇ ವರ್ಷ ಸಂಸತ್ತಿನಲ್ಲಿ ತಿಳಿಸಿತು. ಇಷ್ಟರ ಮೇಲೆ ೨೦೨೨ರ ಸೆಪ್ಟೆಂಬರ್ ೧೫ರಂದು ಇಥೀರಿಯಂ ಗಣಿಗಾರಿಕೆಯ ಪದ್ಧತಿಯನ್ನೇ ತೊರೆಯಿತು. ಗ್ರಾಫಿಕ್ಸ್ ಕಾರ್ಡುಗಳಿಗೆ ಉಳಿದದ್ದು ಸಣ್ಣ ನಾಣ್ಯಗಳು. ಆದುದರಿಂದ ಯಂತ್ರ ನಿಂತಾಗ ಅದನ್ನು ಹೇಗೆ ನಡೆಸುವುದೆಂಬ ಪ್ರಶ್ನೆಗೆ ಮುಂಚೆ, ನಡೆದರೆ ಗಂಟೆಗೆ ಎಷ್ಟು ನಷ್ಟವೆಂಬುದನ್ನು ಗೋಡೆಯ ಮೀಟರನ್ನು ನೋಡಿ ಬರೆದುಕೊಳ್ಳಬೇಕು. ಹಳೆಯ ಕಾರ್ಡುಗಳು ಅಗ್ಗವಾಗಿ ಸಿಗುವುವೆಂದು ಇಂದೂ ಯಂತ್ರವನ್ನು ಕಟ್ಟಲು ಹೊರಡುವ ವಿದ್ಯಾರ್ಥಿಗೆ ನಾನು ಒಂದೇ ಕಾರ್ಡಿನಿಂದ ಆರಂಭಿಸೆನ್ನುತ್ತೇನೆ. ಅದೂ ಕಲಿಯುವುದಕ್ಕೆ, ಗಳಿಸುವುದಕ್ಕಲ್ಲ.

ನನ್ನ ವಿದ್ಯಾರ್ಥಿಯು ಆ ವರ್ಷದ ಕೊನೆಯಲ್ಲಿಯೇ ಐದು ಕಾರ್ಡುಗಳನ್ನು ಮಾರಿ ತಂದೆಯ ಸಾಲದ ಬಹುಭಾಗವನ್ನು ತೀರಿಸಿದನು. ಕರಗಿದ ಕೊಂಡಿಯನ್ನು ನಾನು ಕೇಳಿ ತೆಗೆದುಕೊಂಡೆ. ಅದೀಗ ನಮ್ಮ ಪ್ರಯೋಗಶಾಲೆಯಲ್ಲಿದೆ. ಸಾಮಾನ್ಯ ಮಲ್ಟಿಮೀಟರಿನಿಂದ ಇಷ್ಟು ಅಲ್ಪ ರೋಧವನ್ನು ಅಳೆಯಲು ಬಾರದು. ಆದುದರಿಂದ ಅದರ ಮೂಲಕ ಎರಡು ಆಂಪಿಯರ್ ಹರಿಸಿ, ಎರಡು ತುದಿಗಳ ನಡುವಣ ವೋಲ್ಟೇಜನ್ನು ಬೇರೆ ತಂತಿಗಳಿಂದ ಅಳೆಯಿರೆಂದು ಎರಡನೆಯ ವರ್ಷದವರಿಗೆ ಕೊಡುತ್ತೇನೆ. ಹೊಸ ಕೊಂಡಿಯಲ್ಲಿ ಕೆಲವು ಹತ್ತು ಮಿಲಿವೋಲ್ಟುಗಳಷ್ಟೇ ಕಾಣುವುದು. ಸುಟ್ಟದ್ದರಲ್ಲಿ ಅರ್ಧ ವೋಲ್ಟನ್ನು ಮೀರುವುದು. ಅದೂ ಒಬ್ಬರಿಗೆ ಬಂದ ಉತ್ತರ ಇನ್ನೊಬ್ಬರಿಗೆ ಬರುವುದಿಲ್ಲ, ಕೊಂಡಿಯನ್ನು ತುಸು ಅಲುಗಿಸಿದರೆ ಸಾಕು, ಮುಳ್ಳು ಹಾರುವುದು. ಉಪಕರಣ ಕೆಟ್ಟಿದೆ, ಬೇರೆ ವೋಲ್ಟ್‌ಮೀಟರ್ ಕೊಡಿರೆಂದು ಅವರು ಕೇಳುತ್ತಾರೆ.